ಹೈಫಾ, 23 ಸೆಪ್ಟೆಂಬರ್ 1918: ದಾಳಿಗೆ ಮುಂಚಿನ ನಾಲ್ಕು ಗಂಟೆಗಳ ಪ್ರಕರಣ ಅಧ್ಯಯನ

ಮೊದಲ ಮಹಾಯುದ್ಧದ ಒಂದು ದಿನವನ್ನು ಇಲ್ಲಿ ಎತ್ತಿಕೊಂಡಿದ್ದೇನೆ. 1918ರ ಸೆಪ್ಟೆಂಬರ್ 23, ಸೋಮವಾರ. ಆ ದಿನ ಮೈಸೂರು ಮತ್ತು ಜೋಧ್‌ಪುರ ಸಂಸ್ಥಾನಗಳ ಕುದುರೆ ಸವಾರರು ತುರ್ಕರ ಕೈಯಲ್ಲಿದ್ದ ಪ್ಯಾಲೆಸ್ಟೈನಿನ ಹೈಫಾ ಬಂದರನ್ನು ಬ್ರಿಟಿಷರ ಪರವಾಗಿ ಹಿಡಿದರು. ಈ ಕಥೆ ನಮ್ಮಲ್ಲಿ ಹೊಸದೇನಲ್ಲ. ಆದರೆ ನಾವು ಅದನ್ನು ಹೇಳುವ ರೀತಿಯಲ್ಲಿ ಒಂದು ದೊಡ್ಡ ಭಾಗ ಬಿಟ್ಟುಹೋಗುತ್ತದೆ. ಈಟಿ ಹಿಡಿದ ಸವಾರರು ಮಷಿನ್ ಗನ್‌ಗಳ ಮೇಲೆ ನುಗ್ಗಿ ಗೆದ್ದರು ಅಂತ ಹೇಳಿ ಮುಗಿಸುತ್ತೇವೆ. ನುಗ್ಗಿದ್ದು ನಿಜ, ಗೆದ್ದದ್ದೂ ನಿಜ. ಆದರೆ ಮೊದಲ ಗುಂಡು ಹಾರಿದಾಗಿನಿಂದ ನುಗ್ಗುವ ಆಜ್ಞೆ ಬರುವ ತನಕ ನಡುವೆ ಸುಮಾರು ನಾಲ್ಕು ಗಂಟೆ ಇತ್ತು. ನನ್ನ ಪ್ರಕಾರ ಊರು ಬಿದ್ದದ್ದು ಆ ನಾಲ್ಕು ಗಂಟೆಗಳ ಕೆಲಸದಿಂದ.

ಅಧಿಕಾರಿಗಳ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಹುದ್ದೆ ಮತ್ತು ತುಕಡಿ ಮಾತ್ರ ಬರುತ್ತವೆ. ಹೆಸರು ಬಂದ ಕೂಡಲೇ ಹೊಗಳುವುದು, ತೆಗಳುವುದು ಶುರುವಾಗುತ್ತದೆ. ಯಾರಿಗೆ ಆ ಹೊತ್ತಿನಲ್ಲಿ ಏನು ಗೊತ್ತಿತ್ತು, ಅವರ ಮುಂದೆ ಯಾವ ದಾರಿಗಳಿದ್ದವು ಅನ್ನುವುದನ್ನು ನೋಡುವುದು ಇಲ್ಲಿನ ಉದ್ದೇಶ.

ಹಿನ್ನೆಲೆ

ಮೈಸೂರು ಲ್ಯಾನ್ಸರ್ಸ್, ಅಂದರೆ ಮೈಸೂರಿನ ಈಟಿ ಸವಾರರ ದಂಡು, ಬ್ರಿಟಿಷರ ಸೈನ್ಯದ ತುಕಡಿಯಲ್ಲ. ಅದು ಮೈಸೂರು ಮಹಾರಾಜರ ದಂಡು. ಸಂಸ್ಥಾನಗಳು ತಮ್ಮ ಖರ್ಚಿನಲ್ಲಿ ಸಾಕಿ, ಸಾಮ್ರಾಜ್ಯಕ್ಕೆ ಬೇಕಾದಾಗ ಕಳಿಸಿಕೊಡುವ ಇಂಪೀರಿಯಲ್ ಸರ್ವೀಸ್ ಪಡೆಗಳಲ್ಲಿ ಇದೂ ಒಂದು. 1914ರಲ್ಲಿ ಯುದ್ಧ ಶುರುವಾದಾಗ ಮೈಸೂರು ಸಂಸ್ಥಾನ 50 ಲಕ್ಷ ರೂಪಾಯಿ ಕೊಟ್ಟಿತು, ಜೊತೆಗೆ ಈ ಸವಾರರನ್ನೂ ಕಳಿಸಿತು. ಅವರು ಮೊದಲು ಹೋದದ್ದು ಈಜಿಪ್ಟಿಗೆ, ಸೂಯೆಜ್ ಕಾಲುವೆ ಕಾಯಲು. ಮೈಸೂರು, ಹೈದರಾಬಾದ್, ಜೋಧ್‌ಪುರ ಈ ಮೂರೂ ಸಂಸ್ಥಾನಗಳ ಸವಾರರು ಕೊನೆಗೆ 15ನೇ ಇಂಪೀರಿಯಲ್ ಸರ್ವೀಸ್ ಕುದುರೆ ಬ್ರಿಗೇಡಿನಲ್ಲಿ (ಕೆಲವು ದಂಡುಗಳನ್ನು ಕೂಡಿಸಿದ ಪಡೆ) ಒಟ್ಟಾದರು. ದೆಹಲಿಯ ತೀನ್ ಮೂರ್ತಿಯ ಆ ಮೂರು ಪ್ರತಿಮೆಗಳು ಈ ಮೂವರ ನೆನಪಿಗೇ ನಿಂತಿವೆ. ಬೆಂಗಳೂರಿನ ಜೆ.ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಎಷ್ಟೋ ಜನ ದಿನಾ ಅದರ ಪಕ್ಕದಲ್ಲೇ ಓಡಾಡುತ್ತಾರೆ, ಏನಂತ ಗೊತ್ತಿರುವುದಿಲ್ಲ.

1918ರ ಮಾರ್ಚ್‌ನಲ್ಲಿ ಜರ್ಮನರು ಫ್ರಾನ್ಸಿನಲ್ಲಿ ದೊಡ್ಡ ದಾಳಿ ಶುರು ಮಾಡಿದರು. ಅದನ್ನು ತಡೆಯಲು ಪ್ಯಾಲೆಸ್ಟೈನಿನಲ್ಲಿದ್ದ ಬ್ರಿಟಿಷ್ ಪಡೆಗಳನ್ನು ಅಲ್ಲಿಗೆ ಎಳೆದುಕೊಂಡರು. ಖಾಲಿಯಾದ ಜಾಗಕ್ಕೆ ಫ್ರಾನ್ಸಿನಲ್ಲಿದ್ದ ಭಾರತೀಯ ಕುದುರೆಪಡೆ ಬಂತು. ಹೀಗೆ ಕಟ್ಟಿದ 5ನೇ ಕುದುರೆ ಡಿವಿಷನ್ನಿಗೆ (ಕೆಲವು ಬ್ರಿಗೇಡುಗಳು ಸೇರಿದ ಪಡೆ) ನಮ್ಮ ಬ್ರಿಗೇಡ್ ಸೇರಿತು. ಅಂದರೆ ಮೈಸೂರಿನ ಸವಾರ ಹೈಫಾದ ಮುಂದೆ ಈ ಡಿವಿಷನ್ನಿನಲ್ಲಿ ನಿಂತದ್ದರ ಹಿಂದೆ ಸಾವಿರಾರು ಮೈಲಿ ಆಚೆಯ ಫ್ರಾನ್ಸಿನ ಒಂದು ಸೋಲು ಇತ್ತು. ಒಂದು ರಣರಂಗದ ಏಟು ಇನ್ನೊಂದಕ್ಕೆ ತಗಲುವುದು ಹೀಗೆ.

ಸೆಪ್ಟೆಂಬರ್ 19ರ ಬೆಳಗಿನ ಜಾವ ಮೆಗಿದ್ದೋ ಕದನ ಶುರುವಾಯಿತು. ಕಾಲಾಳುಗಳು ಸಮುದ್ರ ದಂಡೆಯ ಬಳಿ ತುರ್ಕರ ಸಾಲನ್ನು ಮುರಿದರು. ಆ ಕಂಡಿಯಲ್ಲಿ ಕುದುರೆಪಡೆ ನುಗ್ಗಿತು. ಮುಂಚೂಣಿ ಸವಾರರು ಒಂದು ಹಗಲು ಒಂದು ರಾತ್ರಿಯಲ್ಲಿ ಸುಮಾರು 80 ಕಿಲೋಮೀಟರ್ ನಡೆದು, 20ರ ಬೆಳಿಗ್ಗೆ ನಜರೆತ್ ಊರಲ್ಲಿದ್ದ ತುರ್ಕಿ-ಜರ್ಮನ್ ಪ್ರಧಾನ ಕಚೇರಿಯ ಬಾಗಿಲಿಗೇ ಬಂದರು. ಅಲ್ಲಿದ್ದ ಜರ್ಮನ್ ಸೇನಾಪತಿ ಹೇಗೋ ತಪ್ಪಿಸಿಕೊಂಡ. ಕದನದ ಮೊದಲ ದಿನವೇ ವಿಮಾನಗಳು ಅಫುಲಾದ ಟೆಲಿಫೋನ್ ಕೇಂದ್ರದ ಮೇಲೆ ಬಾಂಬು ಹಾಕಿದ್ದವು. ಹಾಗಾಗಿ ತುರ್ಕಿ ತುಕಡಿಗಳಿಗೆ ಮೇಲಿನಿಂದ ಆಜ್ಞೆ ಸರಿಯಾಗಿ ಬರುತ್ತಿರಲಿಲ್ಲ. ಪಕ್ಕದ ತುಕಡಿ ಇದೆಯೋ ಓಡಿಹೋಯಿತೋ ಅನ್ನುವುದೂ ಗೊತ್ತಾಗುತ್ತಿರಲಿಲ್ಲ.

ಸಮಸ್ಯೆ

ಇಷ್ಟು ಬೇಗ ಇಷ್ಟು ದೂರ ಬಂದ ಸೈನ್ಯಕ್ಕೆ ಅನ್ನ ಎಲ್ಲಿಂದ ಬರಬೇಕು? ಮನುಷ್ಯರ ಊಟಕ್ಕಿಂತ ಕುದುರೆಗಳ ಕಾಳೇ ದೊಡ್ಡ ಹೊರೆ. ಹಿಂದಿನಿಂದ ಲಾರಿ, ಒಂಟೆಗಳಲ್ಲಿ ಸಾಗಿಸುತ್ತಾ ದಮಾಸ್ಕಸ್ ತನಕ ಹೋಗುವುದು ಆಗದ ಮಾತು. ಒಂದು ಬಂದರು ಬೇಕಿತ್ತು. ಹೈಫಾಕ್ಕೆ ಸಮುದ್ರವೂ ಇತ್ತು, ಒಳನಾಡಿಗೆ ಹೋಗುವ ರೈಲೂ ಇತ್ತು. ಅದು ಬೇಗ ಬೇಕಿತ್ತು, ಹಾಳಾಗದೆ ಬೇಕಿತ್ತು.

ಇಲ್ಲಿ ಮೊದಲ ತಪ್ಪು ನಡೆಯಿತು. ಶತ್ರು ಹೈಫಾ ಬಿಟ್ಟು ಹೋಗಿದ್ದಾನೆ ಅಂತ ಸುದ್ದಿ ಬಂತು. ನಂಬುವಂಥ ಸುದ್ದಿಯೇ. ನಾಲ್ಕು ದಿನದಿಂದ ತುರ್ಕರು ಎಲ್ಲಾ ಕಡೆ ಓಡುತ್ತಿದ್ದರು. ಸೆಪ್ಟೆಂಬರ್ 22ರಂದು ಒಬ್ಬ ಬ್ರಿಗೇಡಿಯರ್ ಕೆಲವು ಉಕ್ಕಿನ ಕವಚದ ಕಾರುಗಳೊಂದಿಗೆ ಊರನ್ನು ವಶಕ್ಕೆ ತೆಗೆದುಕೊಳ್ಳಲು ಹೊರಟರು. ಹೋರಾಟಕ್ಕೆ ಹೊರಟ ದಂಡು ಅದಾಗಿರಲಿಲ್ಲ, ಅಧಿಕಾರ ವಹಿಸಿಕೊಳ್ಳಲು ಹೊರಟದ್ದು. ಊರು ಹತ್ತಿರ ಬರುತ್ತಿದ್ದಂತೆ ಗುಡ್ಡದ ಮೇಲಿನಿಂದ ಗುರಿಯಿಟ್ಟು ಫಿರಂಗಿ ಹೊಡೆದರು. ಕಾರುಗಳು ವಾಪಸ್ ಬಂದವು.

ಹಾನಿ ಸಣ್ಣದು. ಕಲಿತದ್ದು ಮಾತ್ರ ದೊಡ್ಡದು. ಊರಲ್ಲಿ ಸೈನ್ಯ ಇದೆ, ಫಿರಂಗಿಗಳು ಎತ್ತರದಲ್ಲಿವೆ, ರಸ್ತೆಯ ಅಳತೆ ಅವರಿಗೆ ಮೊದಲೇ ಗೊತ್ತು. ಈ ಮೂರು ವಿಷಯ ಮರುದಿನ ಹೋಗುವವರ ಕೈಗೆ ಸಿಕ್ಕವು. ಸೋಲು ಅಂತ ಮುಚ್ಚಿಡದೆ ಅದನ್ನು ವರದಿ ಮಾಡಿದ್ದರಿಂದ 23ರ ಯೋಜನೆ ಬೇರೆಯಾಯಿತು. ಆ ರಾತ್ರಿಯೇ ಆಜ್ಞೆ ಹೊರಟಿತು: 5ನೇ ಕುದುರೆ ಡಿವಿಷನ್ ಹೈಫಾ ಮತ್ತು ಕೊಲ್ಲಿಯ ಆಚೆ ಬದಿಯ ಏಕರ್ ಊರು ಎರಡನ್ನೂ ಹಿಡಿಯಬೇಕು. 13ನೇ ಬ್ರಿಗೇಡ್ ಏಕರ್‌ಗೆ, 15ನೇ ಬ್ರಿಗೇಡ್ ಹೈಫಾಕ್ಕೆ. ಹೈದರಾಬಾದ್ ಲ್ಯಾನ್ಸರ್ಸ್ ಬೇರೆ ಕೆಲಸದ ಮೇಲಿದ್ದರು. ಹಾಗಾಗಿ ಹೈಫಾದ ಭಾರ ಮೈಸೂರು ಮತ್ತು ಜೋಧ್‌ಪುರದವರ ಮೇಲೆ ಬಿತ್ತು.

ನೆಲ ಹೇಗಿತ್ತು ಅನ್ನುವುದು ಮನಸ್ಸಿನಲ್ಲಿ ಮೂಡದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಒಳನಾಡಿನಿಂದ ಹೈಫಾಕ್ಕೆ ಹೋಗುವ ರಸ್ತೆ ಕಾರ್ಮೆಲ್ ಬೆಟ್ಟದ ಬುಡಕ್ಕೆ ಅಂಟಿಕೊಂಡೇ ಸಾಗುತ್ತದೆ. ಎಡಕ್ಕೆ ಕಡಿದಾದ ಬೆಟ್ಟ, ಬಲಕ್ಕೆ ಕಿಶೋನ್ ಹೊಳೆ ಮತ್ತು ಅದರ ಹುದುಲು. ನಡುವೆ ಒಂದು ಇಕ್ಕಟ್ಟಾದ ಪಟ್ಟಿ. ಬೆಟ್ಟದ ಮೇಲೆ ಫಿರಂಗಿ, ಬುಡದಲ್ಲಿ ಮತ್ತು ಹೊಳೆಯಾಚೆ ಮಷಿನ್ ಗನ್. ಕುದುರೆಪಡೆಗೆ ಇದಕ್ಕಿಂತ ಕೆಟ್ಟ ಜಾಗ ಹುಡುಕುವುದು ಕಷ್ಟ.

ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡು

ಬ್ರಿಗೇಡ್ ಬೆಳಿಗ್ಗೆ 5ಕ್ಕೆ ಹೊರಟಿತು. ಸುಮಾರು 10 ಗಂಟೆಗೆ ಬಲದ್ ಅಲ್ ಶೇಖ್ ಹಳ್ಳಿಯ ಹತ್ತಿರ ಮುಂಚೂಣಿಯಲ್ಲಿದ್ದ ಮೈಸೂರು ಸವಾರರ ಮೇಲೆ ಕಾರ್ಮೆಲ್‌ನಿಂದ ಫಿರಂಗಿ ಗುಂಡು ಬೀಳಲು ಶುರುವಾಯಿತು.

ಬ್ರಿಗೇಡ್ ಕಮಾಂಡರ್ ಮುಂದೆ ಮೂರು ದಾರಿ ಇದ್ದವು ಅಂತ ನನಗೆ ಕಾಣುತ್ತದೆ. ಒಂದು, ರಸ್ತೆ ಹಿಡಿದು ನೇರ ನುಗ್ಗುವುದು. ಹಿಂದಿನ ನಾಲ್ಕು ದಿನ ಇಡೀ ಕುದುರೆಪಡೆ ಗೆದ್ದದ್ದೇ ವೇಗದಿಂದ. ಆ ಅಭ್ಯಾಸದ ಸೆಳೆತ ಜೋರಾಗಿಯೇ ಇದ್ದಿರಬೇಕು. ಎರಡು, ಕಾಲಾಳುಗಳು ಬರುವ ತನಕ ಕಾಯುವುದು. ಅದಕ್ಕೆ ದಿನಗಳು ಬೇಕು, ಅಷ್ಟರಲ್ಲಿ ಬಂದರನ್ನು ಹಾಳುಮಾಡಬಹುದು. ಮೂರು, ದಾಳಿ ಮಾಡಲೇಬೇಕು, ಆದರೆ ದಾರಿ ಸಿದ್ಧಮಾಡಿ ಮಾಡಬೇಕು. ಅವರು ಮೂರನೆಯದನ್ನು ಹಿಡಿದರು. ಆ ದಿನದ ಮೊದಲ ತಿರುವು ಇದು.

ಮೈಸೂರು ಲ್ಯಾನ್ಸರ್ಸ್‌ನ ಒಂದು ಸ್ಕ್ವಾಡ್ರನ್ನಿಗೆ (ದಂಡಿನೊಳಗಿನ ಒಂದು ತುಕಡಿ) ಎರಡು ಮಷಿನ್ ಗನ್ ಕೊಟ್ಟು, ಹಿಂದಿನಿಂದ ಕಾರ್ಮೆಲ್ ಹತ್ತಿ ಮೇಲಿನ ಫಿರಂಗಿಗಳನ್ನು ಹಿಡಿಯಲು ಕಳಿಸಿದರು. ಆಮೇಲೆ 14ನೇ ಬ್ರಿಗೇಡಿನ ಶೆರ್ವುಡ್ ರೇಂಜರ್ಸ್ ದಂಡಿನಿಂದ ಒಂದು ಸ್ಕ್ವಾಡ್ರನ್ ಅವರ ಬೆಂಬಲಕ್ಕೆ ಹೊರಟಿತು. ಉಳಿದ ಮೈಸೂರು ಸವಾರರಲ್ಲಿ ಹೆಚ್ಚಿನವರು ಮಷಿನ್ ಗನ್‌ಗಳ ಜೊತೆ ಬಲಗಡೆಗೆ, ಏಕರ್ ರೈಲು ಹಳಿಯ ದಿಕ್ಕಿಗೆ ಸರಿದರು. ಕುದುರೆ ಇಳಿದು ನೆಲದಲ್ಲಿ ಮಲಗಿ ಶತ್ರುವಿನ ಮೇಲೆ ಗುಂಡು ಹಾರಿಸುತ್ತಾ ಇರುವುದು ಅವರ ಕೆಲಸ. ಬ್ರಿಗೇಡಿನ ಕುದುರೆ ಫಿರಂಗಿ ದಳ ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಬಂದು ಸೇರಿತು. ಈ ಹೊತ್ತೆಲ್ಲಾ ಜೋಧ್‌ಪುರದ ಸವಾರರು ಮರೆಯಲ್ಲಿ ಕಾದರು. ಗಸ್ತಿನವರು ಮುಂದೆ ಹೋಗಿ ಮಷಿನ್ ಗನ್‌ಗಳು ಎಲ್ಲೆಲ್ಲಿವೆ ಅಂತ ನೋಡಿ ಬಂದರು.

ನಮ್ಮ ಹೇಳಿಕೆಗಳಲ್ಲಿ ಬಿಟ್ಟುಹೋಗುವುದು ಇದೇ. ಈ ಕೆಲಸದಲ್ಲಿ ಮೈಸೂರಿನವರ ಪಾಲು ಎಷ್ಟು ದೊಡ್ಡದು ನೋಡಿ. ಸವಾರ ಕುದುರೆ ಬಿಟ್ಟು, ನೆಲದಲ್ಲಿ ಬಿದ್ದುಕೊಂಡು, ಇನ್ನೊಬ್ಬರ ದಾರಿಗೆ ಕಾವಲಾಗಿ ಗುಂಡು ಹಾರಿಸುವುದರಲ್ಲಿ ಪ್ರತಿಮೆಗೆ ಒದಗುವ ಭಂಗಿ ಯಾವುದೂ ಇಲ್ಲ. ಆದರೆ ಅವರು ಶತ್ರುವಿನ ತಲೆ ಮೇಲೇಳದಂತೆ ಮಾಡದಿದ್ದರೆ ಮುಂದಿನ ದಾಳಿ ಹೊಳೆಯ ದಡದಲ್ಲೇ ಮುಗಿಯುತ್ತಿತ್ತು.

ಕಾರ್ಮೆಲ್ ಹತ್ತಿದವರ ಪಾಡು ಇನ್ನೂ ಕಷ್ಟದ್ದು. ಕುದುರೆಗಳು 19ರಿಂದ ಸರಿಯಾಗಿ ನಿಂತೇ ಇರಲಿಲ್ಲ. ಕಲ್ಲಿನ ಕಾಲುದಾರಿ, ಏರು, ಸೆಪ್ಟೆಂಬರಿನ ಬಿಸಿಲು. ಕುದುರೆಗಳು ಒಂದೊಂದಾಗಿ ಸೋತು ಹಿಂದೆ ಉಳಿದವು. ಒಂದಷ್ಟು ಜನ ಮಷಿನ್ ಗನ್ ಜೊತೆ ಗುಂಡಿನ ಬೆಂಬಲಕ್ಕೆ ನಿಲ್ಲಬೇಕಾಯಿತು. ಕೊನೆಗೆ ದಾಳಿ ಮಾಡುವ ಹೊತ್ತಿಗೆ ಕುದುರೆಯ ಮೇಲೆ ಉಳಿದವರು ಸುಮಾರು 15 ಜನ.

ಎರಡನೆಯ ತಿರುವು: ಹುದುಲು

ಮಧ್ಯಾಹ್ನ 2 ಗಂಟೆಗೆ ಜೋಧ್‌ಪುರದ ಸವಾರರು ಹೊರಟರು. ರೈಲು ಹಳಿ ದಾಟಿ ಹೊಳೆಯತ್ತ ನುಗ್ಗಿದರು. ಯೋಜನೆ ಪ್ರಕಾರ ಹೊಳೆ ದಾಟಿ ಎದುರಿನ ಮಷಿನ್ ಗನ್‌ಗಳ ಮೇಲೆ ಬೀಳಬೇಕಿತ್ತು. ಮುಂದೆ ಹೋದ ಗಸ್ತಿನ ಕುದುರೆಗಳು ದಡದ ಹುದುಲಿನಲ್ಲಿ ಹೂತುಹೋದವು. ದಾಟುವ ಹಾಗೇ ಇರಲಿಲ್ಲ. ಬೆಳಗ್ಗಿನಿಂದ ಅಷ್ಟು ನೋಡಿ, ಅಳೆದು ಮಾಡಿದ ಯೋಜನೆಯ ಮುಖ್ಯ ಹೆಜ್ಜೆ ಮೊದಲ ನಿಮಿಷಗಳಲ್ಲೇ ಕೈಕೊಟ್ಟಿತು.

ಹಿಂದಕ್ಕೆ ತಿರುಗಿದರೆ ಬಯಲಲ್ಲಿ ಬೆನ್ನು ತೋರಿಸಿದ ಹಾಗೆ. ನಿಂತರೆ ಸಾವು. ಕೇಳಿ ಹೇಳಿ ಮಾಡಲು ಸಮಯವಿಲ್ಲ. ದಂಡನ್ನು ನಡೆಸುತ್ತಿದ್ದ ಜೋಧ್‌ಪುರದ ಮೇಜರ್ ಎಡಕ್ಕೆ ತಿರುಗಿಸಿದರು. ಮುಂದಿನ ಸ್ಕ್ವಾಡ್ರನ್ ಕಾರ್ಮೆಲ್ ಬುಡದಲ್ಲಿದ್ದ ಮಷಿನ್ ಗನ್‌ಗಳ ಮೇಲೆ ಬಿತ್ತು, ಗನ್ ನಡೆಸುತ್ತಿದ್ದವರನ್ನು ಈಟಿಯಿಂದ ಇರಿಯಿತು, ಇಕ್ಕಟ್ಟಿನ ದಾರಿಯನ್ನು ತೆರೆಯಿತು. ಹಿಂದಿನ ಸ್ಕ್ವಾಡ್ರನ್‌ಗಳು ಆ ದಾರಿಯಲ್ಲಿ ಊರಿನೊಳಕ್ಕೆ ಹರಿದವು. ಮೇಜರ್‌ಗೆ ಗುಂಡು ತಗಲಿತ್ತು. ಅದೇ ಗಾಯದಿಂದ ಅವರು ತೀರಿಕೊಂಡರು.

ಆ ತಿರುವನ್ನು ಸುಮ್ನೆ ಧೈರ್ಯ ಅಂತ ಕರೆದು ಬಿಡಬಾರದು. ಎಡಕ್ಕೆ ಏನಿದೆ ಅಂತ ಗೊತ್ತಿದ್ದದ್ದರಿಂದ ಅದು ಸಾಧ್ಯವಾಯಿತು. ಬೆಳಗಿನ ನಾಲ್ಕು ಗಂಟೆಗಳಲ್ಲಿ ಮಷಿನ್ ಗನ್‌ಗಳ ಜಾಗ ಹುಡುಕಿ ಇಟ್ಟಿದ್ದರು. ಬಲಗಡೆಯಿಂದ ಮೈಸೂರಿನವರ ಗುಂಡು, ಹಿಂದಿನಿಂದ ಫಿರಂಗಿಗಳ ಗುಂಡು ಶತ್ರುವನ್ನು ಒತ್ತಿ ಹಿಡಿದಿದ್ದವು. ಒಂದು ಹೆಜ್ಜೆ ಕೆಟ್ಟರೂ ಉಳಿದ ಯೋಜನೆ ಕೆಡಲಿಲ್ಲ.

ಹೆಚ್ಚು ಕಡಿಮೆ ಅದೇ ಹೊತ್ತಿಗೆ ಬೆಟ್ಟದ ಮೇಲೆ ಆ 15 ಮೈಸೂರು ಸವಾರರು ಫಿರಂಗಿಗಳ ಮೇಲೆ ಬಿದ್ದರು. ನೌಕಾಪಡೆಯ ಒಂದು 6 ಇಂಚಿನ ದೊಡ್ಡ ಫಿರಂಗಿಯೂ ಅಲ್ಲಿ ಸಿಕ್ಕಿತು. ಎಪ್ಪತ್ತಕ್ಕೂ ಹೆಚ್ಚು ಜನ ಸೆರೆಯಾದರು. ಇತ್ತ ಬಲಗಡೆ ಮಲಗಿ ಗುಂಡು ಹಾರಿಸುತ್ತಿದ್ದವರು ಎದ್ದು ಕುದುರೆ ಹತ್ತಿ ಜೋಧ್‌ಪುರದವರ ಹಿಂದೆಯೇ ಬೀದಿಗಳಿಗೆ ನುಗ್ಗಿದರು.

ಫಲ

ಸಂಜೆಯ ಮುಂಚೆಯೇ ಹೈಫಾ ಕೈಗೆ ಬಂತು. 1,350 ಜನ ಸೆರೆ, 17 ಫಿರಂಗಿ, 11 ಮಷಿನ್ ಗನ್. ಬ್ರಿಗೇಡಿನ ಕಡೆ ಸತ್ತವರು 8, ಗಾಯಗೊಂಡವರು 34. ಸತ್ತ ಕುದುರೆಗಳು 60, ಗಾಯಗೊಂಡವು 83. ಕುದುರೆಗಳ ಲೆಕ್ಕವನ್ನೂ ಇಟ್ಟುಕೊಂಡು ಓದಿದರೆ ಆ ಗುಂಡಿನ ಮಳೆ ಎಂಥದ್ದು ಅಂತ ತಿಳಿಯುತ್ತದೆ. ಇದೇ ತಿಂಗಳ ಕೊನೆಯೊಳಗೆ ಹಡಗುಗಳು ಹೈಫಾದಲ್ಲಿ ಸಾಮಾನು ಇಳಿಸತೊಡಗಿದವು. ಅಕ್ಟೋಬರ್ 1ಕ್ಕೆ ದಮಾಸ್ಕಸ್ ಬಿತ್ತು.

ಅದೇ ದಿನ ಬೇರೆ ಕಡೆ

ಹೈಫಾವನ್ನು ಒಂಟಿಯಾಗಿ ನೋಡಿದರೆ ಗೆಲುವು ಪವಾಡದಂತೆ ಕಾಣುತ್ತದೆ. ಅದೇ ಸೋಮವಾರ ಸುತ್ತ ಏನಾಗುತ್ತಿತ್ತು ಅಂತ ನೋಡಬೇಕು.

ಕೊಲ್ಲಿಯ ಆಚೆ ಬದಿಯ ಏಕರ್ ಹೆಚ್ಚು ಕಷ್ಟವಿಲ್ಲದೆ 13ನೇ ಬ್ರಿಗೇಡಿಗೆ ಸಿಕ್ಕಿತು. ಪೂರ್ವದಲ್ಲಿ ಜೋರ್ಡನ್ ಹೊಳೆಯ ಹಾಯಗಡವೊಂದರಲ್ಲಿ 11ನೇ ಕುದುರೆ ಬ್ರಿಗೇಡ್, ತಪ್ಪಿಸಿಕೊಂಡು ಹೋಗುತ್ತಿದ್ದ ತುರ್ಕಿ ದಂಡನ್ನು ತಡೆಯಿತು. ಅಲ್ಲೂ ಭಾರತೀಯ ಲ್ಯಾನ್ಸರ್‌ಗಳು ದಾಳಿ ಮಾಡಿದರು, ಅಲ್ಲೂ ಸಾವಿರಾರು ಜನ ಸೆರೆಯಾದರು. ನಮ್ಮ ಕಡೆಯ ಫಿರಂಗಿ ದಳಕ್ಕೆ ಅಲ್ಲಿ ಬಿದ್ದ ಏಟು ಸಣ್ಣದಲ್ಲ. ಜೋರ್ಡನ್ ಆಚೆ ನ್ಯೂಜಿಲೆಂಡಿನ ಸವಾರರು ಗುಡ್ಡ ಹತ್ತಿ ಎಸ್ ಸಾಲ್ಟ್ ಊರನ್ನು ಹಿಡಿದರು. ಬಾಲ್ಕನ್‌ನಲ್ಲಿ ಸೆಪ್ಟೆಂಬರ್ 15ರಂದು ಬಲ್ಗೇರಿಯಾದ ಸಾಲು ಮುರಿದಿತ್ತು. 23ರಂದು ಫ್ರೆಂಚ್ ಕುದುರೆಪಡೆ ಪ್ರಿಲೆಪ್ ಊರನ್ನು ಸೇರಿತು. ಆರು ದಿನಕ್ಕೆ, 29ರಂದು, ಬಲ್ಗೇರಿಯಾ ಯುದ್ಧ ನಿಲ್ಲಿಸುವ ಒಪ್ಪಂದಕ್ಕೆ ಸಹಿ ಹಾಕಿತು. ಫ್ರಾನ್ಸಿನಲ್ಲಿ 26ರ ದೊಡ್ಡ ದಾಳಿಗಾಗಿ ಲಕ್ಷಾಂತರ ಅಮೆರಿಕನ್ ಸೈನಿಕರನ್ನು ರಾತ್ರಿ ಹೊತ್ತು ಆರ್ಗನ್ ಕಾಡಿನ ಕಡೆಗೆ ಸಾಗಿಸುತ್ತಿದ್ದರು.

ಜರ್ಮನಿಗೆ ಎಲ್ಲಿಂದ ಎಲ್ಲಿಗೆ ಸೈನ್ಯ ಕಳಿಸಬೇಕು? ಬಲ್ಗೇರಿಯಾಕ್ಕೋ, ತುರ್ಕಿಗೋ, ಫ್ರಾನ್ಸಿಗೋ? ಹೈಫಾದಲ್ಲಿದ್ದವರಿಗೆ ಯಾರೂ ಬರುವ ಹಾಗಿರಲಿಲ್ಲ. ಆದರೂ ಅವರು ಹೋರಾಡಿದರು, ಚೆನ್ನಾಗಿಯೇ ಹೋರಾಡಿದರು. ಇದನ್ನು ಮರೆತು ಶತ್ರು ಅಂಜುಬುರುಕನಾಗಿದ್ದ ಅಂತ ಬರೆದರೆ ನಮ್ಮವರ ಕೆಲಸವನ್ನೇ ಕಿರಿದು ಮಾಡಿದಂತೆ.

ಒಂದು ತಿಂಗಳ ನಂತರ, ಅದೇ ಬ್ರಿಗೇಡ್

ಈ ಪ್ರಕರಣದಿಂದ ಏನು ಕಲಿಯಬಹುದು ಅನ್ನುವುದಕ್ಕೆ ಒಳ್ಳೆಯ ಪರೀಕ್ಷೆ ಅದೇ ಬ್ರಿಗೇಡಿನ ಮುಂದಿನ ಕದನ. ಅಕ್ಟೋಬರ್ 26ರಂದು ಅಲೆಪ್ಪೋ ಬಿದ್ದ ದಿನ, ಊರಿನ ವಾಯವ್ಯಕ್ಕೆ ಹರಿತಾನ್ ಹಳ್ಳಿಯ ಬಳಿ, ಹಿಂದೆ ಸರಿಯುತ್ತಿದ್ದ ತುರ್ಕಿ ದಂಡನ್ನು 15ನೇ ಬ್ರಿಗೇಡ್ ಬೆನ್ನಟ್ಟಿತು. ಅದೇ ಮೈಸೂರು, ಅದೇ ಜೋಧ್‌ಪುರ, ಅದೇ ಈಟಿ. ಶತ್ರು ಕೆಲವೇ ಜನ ಅಂದುಕೊಂಡರು. ಅಲ್ಲಿ ಸುಮಾರು 3,000 ಜನ ಇದ್ದರು, ಫಿರಂಗಿ ಮತ್ತು ಮಷಿನ್ ಗನ್‌ಗಳೊಂದಿಗೆ. ಬ್ರಿಗೇಡಿನ ಹತ್ತಿರ ಆ ದಿನ ಫಿರಂಗಿ ದಳ ಇರಲಿಲ್ಲ. ನೆಲವನ್ನು ಹೈಫಾದಲ್ಲಿ ನೋಡಿದ ಹಾಗೆ ನೋಡಲಿಲ್ಲ. ಮೈಸೂರಿನ ಸವಾರರು ಮುಂದಾಗಿ ನುಗ್ಗಿದರು, ಒಂದಷ್ಟು ಜನರನ್ನು ಇರಿದರು, ಆದರೆ ಜಾಗ ಹಿಡಿಯಲು ಆಗಲಿಲ್ಲ. ಬ್ರಿಗೇಡಿನ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 80 ಜನ. ಅಂದರೆ ಒಂದು ಊರನ್ನೇ ಗೆದ್ದ ಹೈಫಾದ ದಿನಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು.

ಹರಿತಾನ್‌ನಲ್ಲಿ ಧೈರ್ಯ ಕಡಿಮೆ ಇತ್ತಾ? ಖಂಡಿತಾ ಇಲ್ಲ. ಇಲ್ಲದೇ ಹೋದದ್ದು ಆ ನಾಲ್ಕು ಗಂಟೆ: ಎತ್ತರದ ಜಾಗ ಹಿಡಿಯಲು ಹೋಗುವ ಒಂದು ತುಕಡಿ, ಪಕ್ಕದಿಂದ ಹಾರುವ ಗುಂಡು, ಹಿಂದಿನ ಫಿರಂಗಿ, ಶತ್ರು ಎಷ್ಟಿದ್ದಾನೆ ಅನ್ನುವ ಖಚಿತ ಮಾಹಿತಿ. ಹಿಂದಿನ ಗೆಲುವೂ ಸ್ವಲ್ಪ ಮೋಸ ಮಾಡಿರಬಹುದು ಅಂತ ನನಗೆ ಅನ್ನಿಸುತ್ತದೆ. ಹೈಫಾದಲ್ಲಿ ಕಣ್ಣಿಗೆ ಕಂಡದ್ದು ಕೊನೆಯ ಓಟ ತಾನೇ? ಎಲ್ಲರ ನೆನಪಲ್ಲಿ ಉಳಿದದ್ದೂ ಅದೇ. 22ರ ಕಾರುಗಳ ತಪ್ಪು ಹರಿತಾನ್‌ನಲ್ಲಿ ಕುದುರೆಯ ಮೇಲೆ ಮತ್ತೆ ನಡೆಯಿತು. ಓಡುತ್ತಿರುವ ಶತ್ರು ನಿಲ್ಲುವುದಿಲ್ಲ ಅಂತ ಎರಡೂ ಸಲ ನಂಬಿದರು.

1953ರಲ್ಲಿ ಸಂಸ್ಥಾನಗಳ ಕುದುರೆಪಡೆಗಳನ್ನು ಸೇರಿಸಿ 61ನೇ ಕ್ಯಾವಲ್ರಿ ಕಟ್ಟಿದರು. ಮೈಸೂರಿನ ಸವಾರರ ಪರಂಪರೆ ಅದರಲ್ಲಿ ಸೇರಿದೆ. ಅಲ್ಲಿ ಪ್ರತಿ ವರ್ಷ ಸೆಪ್ಟೆಂಬರ್ 23ನ್ನು ಹೈಫಾ ದಿನ ಅಂತ ಆಚರಿಸುತ್ತಾರೆ. ಈ ಪ್ರಕರಣವನ್ನು ತರಗತಿಯಲ್ಲೋ ಓದುವ ಗುಂಪಿನಲ್ಲೋ ಚರ್ಚೆಗೆ ತೆಗೆದುಕೊಳ್ಳುವವರು ಎರಡೂ ದಿನಗಳನ್ನು ಜೊತೆಗಿಟ್ಟು ಓದಿಸಲಿ. ಹೈಫಾದ ಕಥೆಯನ್ನು ಬೆಳಿಗ್ಗೆ 10 ಗಂಟೆಗೆ, ಮೊದಲ ಫಿರಂಗಿ ಗುಂಡು ಬಿದ್ದಲ್ಲಿ ನಿಲ್ಲಿಸಿ. ಕಮಾಂಡರ್‌ಗೆ ಆಗ ಗೊತ್ತಿದ್ದದ್ದನ್ನು ಮಾತ್ರ ಬೋರ್ಡಿನ ಮೇಲೆ ಬರೆಸಿ, ಮುಂದೇನು ಮಾಡುತ್ತೀರಿ ಅಂತ ಕೇಳಿ. ಆಮೇಲೆ ಹರಿತಾನ್‌ಗೂ ಹಾಗೆಯೇ ಮಾಡಿ. ಎರಡನೆಯ ಪಟ್ಟಿ ಎಷ್ಟು ಚಿಕ್ಕದು ಅನ್ನುವುದು ಓದುಗರಿಗೆ ತಾವೇ ಕಾಣುತ್ತದೆ.